ಅರ್ಡಿಸ್ ಬಡಿಸದ ಊಟ

ಅರ್ಡಿಸ್ ಓಲ್ಟ್‌ಮನ್ಸ್ ಜೀವಮಾನದಲ್ಲಿ ಒಮ್ಮೆಯೂ ಬಾಸ್ಕೆಟ್‌ಬಾಲ್ ಮುಟ್ಟಿದವಳಲ್ಲ. ಆದರೂ ಅಮೆರಿಕದ ನೆಬ್ರಾಸ್ಕಾದ ವಿಲೋಬೆಂಡ್ ಕಾಲೇಜಿನ ಆಟವೆಂದರೆ ಸುತ್ತಲಿನವರಿಗೆ ಮೊದಲು ನೆನಪಾಗುತ್ತಿದ್ದುದು ಅವಳ ಕೈಯಡುಗೆ. ಎದುರಾಳಿ ತಂಡವನ್ನು ಹಸಿದ ಹೊಟ್ಟೆಯಲ್ಲಿ ಬಸ್ ಹತ್ತಿಸುವುದು ಆ ಊರಿಗೆ ಗೊತ್ತಿರಲಿಲ್ಲ. ಚರ್ಚಿನ ನೆಲಮಾಳಿಗೆಯಲ್ಲಿ ರಾಜ್ಮಾ ಕಾಳು, ಕೊಚ್ಚಿದ ಮಾಂಸ ಹಾಕಿ ಕುದಿಸಿದ ಚಿಲಿ. ಪಕ್ಕದಲ್ಲೇ ಚಕ್ಕೆಪುಡಿಯ ಸಿಹಿ ಬನ್ನು. ಸೋತವರಿಗೆ ಮೊದಲು ಊಟ. ತಟ್ಟೆ ತಂದುಕೊಡುವ ಕೆಲಸ ಗೆದ್ದವರದು.

ಈ ಪದ್ಧತಿ ಅವರ ಕ್ರೀಡಾ ಒಕ್ಕೂಟದಷ್ಟೇ ಹಳೆಯದು. ಮೂವತ್ತರ ದಶಕದಲ್ಲಿ, ಧೂಳಿನ ಬಿರುಗಾಳಿ ಹೊಲಗಳನ್ನೇ ಹೊತ್ತೊಯ್ಯುತ್ತಿದ್ದ ಕಾಲದಲ್ಲಿ, ದೊಡ್ಡ ಕಾಲೇಜುಗಳು ಈ ಬಡಪಾಯಿಗಳ ಜೊತೆ ಆಡಲು ಒಲ್ಲೆ ಎಂದವು. ಆಗ ನಾಲ್ಕು ಸಣ್ಣ ಕಾಲೇಜುಗಳು ಇದೇ ನೆಲಮಾಳಿಗೆಯಲ್ಲಿ ಕೂತು ಕಾಟನ್‌ವುಡ್ ಒಕ್ಕೂಟ ಕಟ್ಟಿಕೊಂಡವು. ಅಂದು ಬಡಿಸಿದವಳು ಅರ್ಡಿಸ್‌ಳ ತಾಯಿ. ಮುಂದೆ ಒಂದು ಕಾಲೇಜು ಮುಚ್ಚಿತು, ಇನ್ನೊಂದು ದೊಡ್ಡದಾಗಿ ಬೆಳೆದು ಒಕ್ಕೂಟ ಬಿಟ್ಟು ಹೋಯಿತು, ದೂರದೂರದ ಹೊಸಬರು ಸೇರಿ ಸದಸ್ಯರು ಹತ್ತಾದರು. ಹಳಬರಲ್ಲಿ ಉಳಿದದ್ದು ವಿಲೋಬೆಂಡ್ ಮತ್ತು ನೆರೆಯ ಹಾರ್ಲನ್ ಸ್ಪ್ರಿಂಗ್ಸ್ ಮಾತ್ರ.

ಒಕ್ಕೂಟದ ಹೊಸ ಕಮಿಷನರ್ ಟ್ರೆವರ್ ಗ್ಯಾಂಬಲ್‌ಗೆ ವಿಲೋಬೆಂಡ್ ಕಣ್ಣಲ್ಲಿ ಬಿದ್ದ ಕಸ. ಜಿಮ್ ಚಿಕ್ಕದು, ಟಿವಿ ಕ್ಯಾಮೆರಾ ಇಡಲು ಜಾಗವಿಲ್ಲ, ಫುಟ್‌ಬಾಲ್ ತಂಡವಂತೂ ಇಲ್ಲವೇ ಇಲ್ಲ. ಫುಟ್‌ಬಾಲ್ ಇಲ್ಲದವರು ಹೊರಗೆ ಎಂದ ಮಹಾರಾಯ. ಒಕ್ಕೂಟ ತಪ್ಪಿದರೆ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡಕ್ಕೆ ಎದುರಾಳಿಗಳಿಲ್ಲ. ಆಟವಿಲ್ಲದ ಕಾಲೇಜಿಗೆ ಯಾರೂ ಸೇರುವುದಿಲ್ಲ. ಸೇರದಿದ್ದರೆ ಬಾಗಿಲಿಗೆ ಬೀಗ. ಇದು ಜೋಳ ಬೆಳೆಯುವವನಿಗೂ ತಿಳಿಯುತ್ತದೆ, ಮತ ಹಾಕುವ ಕಾಲೇಜುಗಳ ಓದಿದ ಅಧ್ಯಕ್ಷರಿಗೆ ತಿಳಿಯಲಿಲ್ಲವೇ?

ವಸಂತದ ವಾರ್ಷಿಕ ಸಭೆ ಎಂದಿನಂತೆ ವಿಲೋಬೆಂಡಿನಲ್ಲೇ, ಆ ಚರ್ಚಿನ ಮೇಲಂತಸ್ತಿನಲ್ಲಿ ನಡೆಯಿತು. ಕಾಫಿ ಒಯ್ದ ಅರ್ಡಿಸ್ ಬಾಗಿಲಲ್ಲೇ ನಿಂತಳು. ವಿಲೋಬೆಂಡ್ ಬೇಡವೆಂದು ಉಳಿದವರೆಲ್ಲ ಕೈ ಎತ್ತಿದ್ದರು. ಹಾರ್ಲನ್ ಸ್ಪ್ರಿಂಗ್ಸಿನ ಅಧ್ಯಕ್ಷ ನೀಲ್ ಬ್ರಾಂಡ್‌ವೋಲ್ಡ್ ಕೂಡ. ಹುಡುಗನಾಗಿದ್ದಾಗ ಅಲ್ಲಿ ಆಡಲು ಬಂದು, ಅವಳ ಕೈಯಿಂದ ಮೂರು ಸಲ ಬಡಿಸಿಕೊಂಡು ತಿನ್ನುತ್ತಿದ್ದವನು ಈಗ ನೆಲ ನೋಡುತ್ತಾ ಕೈ ಎತ್ತಿದ್ದ. ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದೇ.

ಅದಕ್ಕಿಂತ ನಾಚಿಕೆಗೇಡು ಆಮೇಲಿನದು. ಎಲ್ಲರೂ ಏನೂ ಆಗಿಲ್ಲವೆಂಬಂತೆ ಊಟಕ್ಕೆ ನೆಲಮಾಳಿಗೆಗೆ ಇಳಿದು ಬಂದರು! ಗ್ಯಾಂಬಲ್ ನಗುನಗುತ್ತಾ ಸೌಟು ಎತ್ತಿಕೊಂಡ.

"ಮಿಸೆಸ್ ಓಲ್ಟ್‌ಮನ್ಸ್, ಇವತ್ತು ನೀವು ಕೂತ್ಕೊಳ್ಳಿ. ಸೋತೋರಿಗೆ ಮೊದ್ಲು ಅಂತ ತಾನೆ ನಿಮ್ಮ ಪದ್ಧತಿ? ನಾವೇ ಬಡಿಸ್ತೀವಿ."

ಅರ್ಡಿಸ್‌ಗೆ ಮೈಯೆಲ್ಲ ಉರಿದುಹೋಯಿತು. ಸೌಟನ್ನು ಕಿತ್ತುಕೊಂಡಳು.

"ಅದು ಆಡಿ ಸೋತೋರಿಗೆ ಕಣಪ್ಪಾ. ನೀವು ನಮ್ಮನ್ನ ಆಡೋಕೇ ಬಿಡ್ಲಿಲ್ಲ. ಏಳಿ ಎಲ್ರೂ!"

"ಮತ್ತೆ ಊಟ?" ಎಂದ ಗ್ಯಾಂಬಲ್.

"ಒಕ್ಕೂಟದ ಊಟ ಒಕ್ಕೂಟದೋರು ಹಾಕ್ತಾರೆ. ನಾವು ಅಲ್ವಂತಲ್ಲ! ಹೆದ್ದಾರೀಲಿ ಪೆಟ್ರೋಲ್ ಬಂಕ್ ಇದೆ, ಹಾಟ್‌ಡಾಗ್ ಸಿಗುತ್ತೆ. ಬೆಳಗ್ಗಿಂದ ಬಿಸಿ ರೋಲರ್ ಮೇಲೆ ಅತ್ಲಾಗೂ ಇತ್ಲಾಗೂ ಉರುಳ್ತಾ ಇರುತ್ತೆ, ನಿಮ್ಗೆ ಹೇಳಿ ಮಾಡ್ಸಿದ ಹಂಗಿದೆ."

ಒಬ್ಬೊಬ್ಬರೇ ಕೋಟು ಹುಡುಕಿಕೊಂಡು ಹೊರಟರು. ನೀಲ್ ಮಾತ್ರ ಉಳಿದ.

"ಅರ್ಡಿಸ್, ನಂಗೂ ಮನಸ್ಸಿರ್ಲಿಲ್ಲ. ಎದುರು ಮಾತಾಡಿದ್ರೆ ನಮ್ಮನ್ನೂ ತೆಗೀತಿದ್ರು."

"ನಿಮ್ಮಲ್ಲಿ ಫುಟ್‌ಬಾಲ್ ಇದೆಯಲ್ಲೋ. ನಿನ್ನ ಯಾಕೆ ತೆಗೀತಾರೆ?"

ಪೆಚ್ಚಾದ ಅವನ ಮುಖ ನೋಡಿ, ಎಷ್ಟಾದರೂ ತಿನ್ನಿಸಿ ಬೆಳೆಸಿದ ಕೈ, ಅವಳ ಸಿಟ್ಟು ಅರ್ಧ ಇಳಿಯಿತು. ತಟ್ಟೆ ಇಟ್ಟು, ಸೌಟು ತುಂಬ ಚಿಲಿ ಎತ್ತಿದಳು.

"ಆಗಿದ್ದಾಯ್ತು. ಬರೋ ಚಳಿಗಾಲ ನಿಮ್ಮ ಹುಡುಗೀರನ್ನ ಕಳ್ಸು. ಒಕ್ಕೂಟದ ಲೆಕ್ಕಕ್ಕೆ ಬೇಡ, ನಮ್ಮನಮ್ಮಲ್ಲೇ ಒಂದು ಆಟ. ನಮ್ ಮಕ್ಳು ಸುಮ್ನೆ ಕೂರೋದು ಬೇಡ. ಕಳಿಸ್ತೀಯಾ?"

ನೀಲ್ ಕರವಸ್ತ್ರದಿಂದ ಮುಖ ಒರೆಸಿಕೊಂಡ.

"ಕಮಿಷನರ್‌ನ ಒಂದ್ಮಾತು ಕೇಳಿ ಹೇಳ್ತೀನಿ."

ಎತ್ತಿದ್ದ ಚಿಲಿಯನ್ನು ಅರ್ಡಿಸ್ ಮತ್ತೆ ಪಾತ್ರೆಗೇ ಸುರಿದಳು.