ಗ್ರಾಫಿಕ್ಸ್ ಕಾರ್ಡ್ ಮತ್ತು ಹಿತ್ತಲ ಬಾಗಿಲು

ಅಪ್ಪನ ನಿವೃತ್ತಿ ಹತ್ತಿರವಾದ ಹಾಗೆ ನನಗೆ ಕುಂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ ಎನ್ನುವ ಹಾಗಾಯಿತು. ದೋಣಿಮಲೈನ ಗಣಿ ಕಂಪನಿಯ ಕ್ವಾರ್ಟರ್ಸ್ ಬಿಡಬೇಕಿತ್ತು. ಕಂಪ್ಲಿಯಲ್ಲಿ ನಮ್ಮ ಸೈಟು ಇತ್ತು, ಮೇಸ್ತ್ರಿಯೂ ಗೊತ್ತಾಗಿದ್ದ. ಹೊಸಪೇಟೆಯ ಎಂಜಿನಿಯರೊಬ್ಬರ ಆಫೀಸಿನಲ್ಲಿ ದಿನವೂ ಮಂದಿಯ ಮನೆಗಳ ನಕ್ಷೆ ತೆಗೆಯುವ ನಾನೇ ನಮ್ಮದನ್ನೂ ತೆಗೆದಿದ್ದೆ. ಬಾಕಿಯಿದ್ದದ್ದು ಅವ್ವನ ಒಪ್ಪಿಗೆ. ಅವಳು ಹೂಂ ಅನ್ನದೆ ಅಪ್ಪ ಪಾಯ ತೋಡಿಸುವವರಲ್ಲ.

ಕಾಗದದ ಗೆರೆಗಳು ಅವ್ವನಿಗೆ ತಿಳಿಯುತ್ತಿರಲಿಲ್ಲ. "ಇದು ರಂಗೋಲಿ ಇದ್ದಂಗೈತಿ, ಮನಿ ಎಲ್ಲೈತಿ?" ಎಂದಳು. ಅದಕ್ಕೇ ಮನೆಯನ್ನು ಕಂಪ್ಯೂಟರಿನೊಳಗೆ ಕಟ್ಟಿದೆ. ಮೌಸ್ ಸರಿಸುತ್ತ ತಲೆಬಾಗಿಲಿನಿಂದ ಅಡುಗೆಮನೆಯವರೆಗೆ ನಡೆದುಹೋಗಬಹುದು. ಆದರೆ ನಮ್ಮದು ಮೂರು ಇಟ್ಟಿಗೆ ಪೇರಿಸಿದಷ್ಟು ಗಾತ್ರದ ಸಣ್ಣ ಡೆಸ್ಕ್‌ಟಾಪ್. ಚಿತ್ರದ ಕೆಲಸಕ್ಕೆ ಅದರಲ್ಲಿ ಬೇರೆ ಕಾರ್ಡ್ ಇರಲಿಲ್ಲ, ಪ್ರೊಸೆಸರೇ ಎಲ್ಲವನ್ನೂ ನಿಭಾಯಿಸಬೇಕು. ಎರಡು ಹೆಜ್ಜೆಗೊಮ್ಮೆ ಚಿತ್ರ ನಿಂತುಬಿಡುತ್ತಿತ್ತು. ಅವ್ವ ಕೈ ಕಟ್ಟಿಕೊಂಡು ನೋಡುತ್ತಿದ್ದಳು, ನನಗೆ ಮೈಮೇಲೆ ಇರುವೆ ಬಿಟ್ಟ ಹಾಗಾಗುತ್ತಿತ್ತು. ಅವಳು ಒಪ್ಪದಿರುವುದು ಈ ತಡವರಿಕೆಯಿಂದಲೇ ಎಂದು ನಾನೇ ತೀರ್ಮಾನಿಸಿದೆ.

"ಈಗ ಒಂದ ಒಲಿ ಮ್ಯಾಲ ಅನ್ನ, ಸಾರು ಎರಡೂ ಆಗಾಕತ್ತೈತ್ರಿ," ಎಂದರು ಹೊಸಪೇಟೆಯ ಕಂಪ್ಯೂಟರ್ ಅಂಗಡಿಯವರು. "ಕಾರ್ಡ್ ಹಾಕಿದ್ರ ಸಾರಿಗೆ ಬ್ಯಾರೆ ಒಲಿ. ಆದ್ರ ಈ ಡಬ್ಬ್ಯಾಗ ದೊಡ್ಡದು ಹಿಡಿಯಂಗಿಲ್ಲ, ಪವರೂ ಸಾಲಂಗಿಲ್ಲ. ಗಿಡ್ಡ ಕಾರ್ಡ್ ಬರ್ತೈತಿ. ಅವಸರ ಇಲ್ಲಂದ್ರ ಇದ್ದದ್ರಾಗ ನಡಸ್ರಿ."

ಅವಸರವಿಲ್ಲದ ದಿನ ನನ್ನ ಜನ್ಮದಲ್ಲಿ ಯಾವುದಿತ್ತು? ಸಂಜೆಯ ಬಸ್ಸಿನಲ್ಲಿ ಸಂಡೂರು ದಾಟುವವರೆಗೂ ಆ ಗಿಡ್ಡ ಕಾರ್ಡಿನ ಡಬ್ಬಿಯನ್ನು ಬಿಚ್ಚುವುದು, ಮುಚ್ಚುವುದು ಮಾಡಿದೆ.

ಕಾರ್ಡ್ ಹಾಕಿದ ಸಂಜೆಯೇ ಕಂಪ್ಯೂಟರ್ ತಾನಾಗಿ ಆರಿತು. ಮತ್ತೆ ಹಚ್ಚಿದೆ, ಮತ್ತೆ ಆರಿತು. ಮುಟ್ಟಿದರೆ ಕಾದ ಹಂಚು. ನಮ್ಮ ಕಡೆ ಅದಿರಿನ ಕೆಂಪು ಧೂಳಿಗೆ ಹೆದರಿ ಮಿಕ್ಸಿ, ಟೀವಿ, ಎಲ್ಲಕ್ಕೂ ಬಟ್ಟೆ ಹೊದಿಸುತ್ತೇವೆ. ಅವ್ವ ಹಳೆಯ ಸೀರೆಯಿಂದ ಹೊಲಿದ ಗವಸು ಕಂಪ್ಯೂಟರ್ ನಡೆಯುವಾಗಲೂ ಅದರ ಮೇಲೇ ಇರುತ್ತಿತ್ತು. ಕಾರ್ಡ್ ಇಲ್ಲದಾಗ ಅದು ಹೇಗೋ ತಡೆದುಕೊಂಡಿತ್ತು, ಈಗ ಕಾರ್ಡಿನ ಫ್ಯಾನಿಗೆ ಗಾಳಿ ಬೇಕು. ಗವಸು ಕಿತ್ತು ಎಸೆದೆ. ಅವ್ವ ಮುಖ ಸಣ್ಣದು ಮಾಡಿಕೊಂಡಳು.

ಆಮೇಲೆ ಚಿತ್ರ ಒಮ್ಮೆಯೂ ನಿಲ್ಲಲಿಲ್ಲ. ಪಡಸಾಲೆ, ದೇವರಮನೆ, ಅಡುಗೆಮನೆ ಎಂದು ಸರಸರನೆ ತಿರುಗಿಸಿದೆ. ಅವ್ವ ಕಣ್ಣು ಮುಚ್ಚಿ ಗೋಡೆ ಹಿಡಿದಳು.

"ತಲಿ ತಿರಗಾಕತ್ತೈತಿ. ಮದ್ಲಿನಂಗ ನಿಂದ್ರಿಸಿ ನಿಂದ್ರಿಸಿ ತೋರ್ಸು. ನಿಂತಾಗ ಏನರ ಕಾಣ್ತಿತ್ತು."

"ಏನು ಕಾಣ್ತಿತ್ತು?"

"ಹಿತ್ತಲ ಬಾಗ್ಲು ಇಲ್ಲದ್ದು ಕಾಣ್ತಿತ್ತು. ನಿಮ್ಮಪ್ಪ ಎತ್ತಾಗಿಂದ ಬರಬೇಕು?"

"ಇಷ್ಟು ದಿನ ಯಾಕ ಹೇಳಲಿಲ್ಲ?"

"ಹೇಳಾಕ ಎಲ್ಲಿ ಬಿಟ್ಟಿ? ಚಿತ್ರ ನಿಂತ್ರ ಸಾಕು, ಮೌಸ್ ಕುಟ್ಟತಿದ್ದಿ."

ಅಪ್ಪ ಗಣಿಯಲ್ಲಿ ಡಂಪರ್ ಓಡಿಸುತ್ತಿದ್ದರು. ಶಿಫ್ಟ್ ಮುಗಿದು ಬಸ್ಸಿಳಿದಾಗ ತಲೆಯಿಂದ ಕಾಲಿನವರೆಗೆ ಕೆಂಪು. ಹಿತ್ತಲಿಗೆ ಸುತ್ತಿಹೋಗಿ, ಅಲ್ಲಿಯ ಬಚ್ಚಲಲ್ಲಿ ಮಿಂದೇ ಒಳಗೆ ಬರುವುದು. ನಾನು ಕಂಡಾಗಿನಿಂದ ಹಾಗೇ. ಮುಂಬಾಗಿಲು ಬಂದುಹೋಗುವ ಮಂದಿಗೆ. ಕಂಪ್ಲಿಯ ಸೈಟಿನ ಹಿಂದೆ ಬೇರೆಯವರ ಗೋಡೆ. ನಿವೃತ್ತಿಯಾದ ಮೇಲೆ ಧೂಳೆಲ್ಲಿಯದು ಎಂದು ನಾನು ನಕ್ಷೆಯಲ್ಲಿ ಹಿತ್ತಲನ್ನೇ ಕೈಬಿಟ್ಟಿದ್ದೆ. ಅವ್ವನ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೆ. ಪಡಸಾಲೆ ಕತ್ತರಿಸಿದರೆ ಪಕ್ಕದಲ್ಲೊಂದು ಸಂದಿ ಬಿಟ್ಟು ಬಾಗಿಲಿಡಬಹುದು ಎಂದೆ. ಅಪ್ಪನೂ ನೋಡಲಿ ಎಂದಳು ಅವ್ವ.

ತಪ್ಪು ಕಾರ್ಡಿನದಲ್ಲ, ನನ್ನ ಅವಸರದ ಕೈಯದು. ಆದರೆ ಕೈ ಬಿಚ್ಚಿಡಲು ಬರುವುದಿಲ್ಲವಲ್ಲ, ಕಾರ್ಡನ್ನೇ ಬಿಚ್ಚಿಟ್ಟೆ.

ಮರುದಿನ ಮಿಂದು ಬಂದ ಅಪ್ಪ, ಅವ್ವನಿಂದ ಬಾಗಿಲಿನ ಮಾತೆಲ್ಲ ಕೇಳಿ, ಒದ್ದೆ ತಲೆಯಲ್ಲೇ ಕಂಪ್ಯೂಟರಿನ ಮುಂದೆ ಕೂತು ಮೌಸ್ ಹಿಡಿದರು. ತೆರೆಯ ಮೇಲಿನ ಮನೆಯ ಅಂಗಳ ದಾಟಿ ಮುಂಬಾಗಿಲಿಗೆ ಬಂದರು. ಸರಿಯಾಗಿ ಹೊಸ್ತಿಲಲ್ಲಿ ಚಿತ್ರ ನಿಂತಿತು. ನನ್ನ ಕೈ ಮೌಸಿನತ್ತ ಹೋಯಿತು.

"ಇರ್ಲಿ ಬಿಡು, ನಿಂದ್ರತೀನಿ," ಎಂದರು ಅಪ್ಪ. ತೆರೆಯ ಮೇಲಿನ ಬಾಗಿಲನ್ನು ಮೇಲಿಂದ ಕೆಳಗೆ ನೋಡಿ, "ಪಡಸಾಲಿ ಕಡಿಮಿ ಮಾಡಬ್ಯಾಡ. ಹಿತ್ತಲ ಬಾಗ್ಲೂ ಬ್ಯಾಡ. ನನ್ನ ಮನಿಯಾಗ ನಾನೂ ಮುಂದಿಂದ ಬರಬೇಕು ಅನಸ್ತೈತಿ," ಎಂದರು.

ಅವ್ವ ಅವರನ್ನೇ ನೋಡಿದಳು. ಇಷ್ಟು ವರ್ಷ ಅವರಿಗಾಗಿ ಹಿತ್ತಲ ಅಗುಳಿ ತೆಗೆದವಳು ಅವಳು. ಚಿತ್ರ ಇನ್ನೂ ಅಲುಗಿರಲಿಲ್ಲ. ಅಪ್ಪ ಹೊಸ್ತಿಲಲ್ಲೇ ಕಾಯುತ್ತಿದ್ದರು.

"ಬರ್ರಿ," ಎಂದಳು ಅವ್ವ ಮೆಲ್ಲಗೆ, ಬೀಗರಿಗೆ ಹೇಳುವ ಹಾಗೆ. "ಒಳಗ ಬರ್ರಿ."