ಬತೂಲಳ ಮಣ್ಣಿನ ಮೌನ

ಬತೂಲ್ ಮುಖಕ್ಕೆ ಘಸೂಲ್ ಮಣ್ಣು ಮೆತ್ತಿಕೊಂಡು ತಾರಸಿಯ ಮೇಲೆ ಕೂತಿದ್ದಾಗಲೇ ತಾಮು ಹೆಣ್ಣು ಕೇಳಲು ಬಂದಳು. ಹೆಣ್ಣು ಬತೂಲೇ; ವಯಸ್ಸು ಐವತ್ತೆರಡು, ವಿಧವೆ. ಗಂಡು ತಾಮುವಿನ ತಮ್ಮ ಅಲ್ಲಾಲ್, ಮೆಕ್ನೆಸ್ ಪೇಟೆಯಲ್ಲಿ ಆಲಿವ್ ಕಾಯಿ ಮಾರುವ ವಿಧುರ. ಮಣ್ಣು ಒಣಗಿ ಹೆಂಚಾಗಿತ್ತು. ಬಾಯಿ ತೆರೆದರೆ ಅಕ್ಷರಶಃ ಮುಖಭಂಗ.

"ನಮ್ಮ ಅಲ್ಲಾಲ್‌ನ ಒಪ್ಕೋತೀಯೇನೇ?"

ಬತೂಲ್ ಕಣ್ಣು ಮಿಟುಕಿಸಿದಳು, ಕೈ ಬೀಸಿದಳು. ಹೆಣ್ಣು ಸುಮ್ಮನಿದ್ದರೆ ಒಪ್ಪಿದಳೆಂದೇ ತಿಳಿಯುವ ಊರು. ಬೀಸಿದ ಕೈಯನ್ನು ನಾಚಿಕೆಯ ಖಾತೆಗೆ ಹಾಕಿದ ತಾಮು, ನಾಲಿಗೆ ಹೊರಳಿಸಿ ಯೂ-ಯೂ ಎಂದು ಮದುವೆಮನೆಯ ಕೂಗು ಹಾಕಿಯೇಬಿಟ್ಟಳು. ಪಕ್ಕದ ತಾರಸಿ ಕೂಗಿತು, ಅದರ ಪಕ್ಕದ್ದೂ. ಬತೂಲ್ ಮುಖ ತೊಳೆದುಕೊಳ್ಳುವಷ್ಟರಲ್ಲಿ, ಓಣಿಗೆಲ್ಲ ಒಂದೇ ಆದ ಒಲೆಗೆ ರೊಟ್ಟಿ ಒಯ್ದವರೆಲ್ಲ ಸುದ್ದಿಯನ್ನೂ ಬೇಯಿಸಿಕೊಂಡು ಬಂದಿದ್ದರು.

ಓಣಿಯೆಲ್ಲ ನಕ್ಕಿತು, ನಗಲು ಕಾರಣವೂ ಇತ್ತು. ಅಲ್ಲಿನ ಮುಖಗಳೆಲ್ಲ ಬತೂಲಳ ಆಡಳಿತದಲ್ಲಿದ್ದವು. ಎಣ್ಣೆ ಚರ್ಮದವರಿಗೆ ಘಸೂಲನ್ನು ಗುಲಾಬಿ ನೀರಲ್ಲಿ ಕಲಸಿ ಕೊಡುವಳು. ಒಣ ಚರ್ಮಕ್ಕೆ ಮೊಸರು, ಜೇನು. ಮಣ್ಣೇ ಬೇಕೆಂದು ಹಟ ಹಿಡಿದರೆ ತುಸುವೇ, ಅದೂ ಹಸಿ ಇರುವಾಗಲೇ ತೊಳೆಯಬೇಕು. ಮೊಡವೆ ಮುಖವನ್ನು ಉಜ್ಜಿದವಳ ಕೈಗೆ ಏಟು. ಯಾವ ಲೇಪವಾದರೂ ಮೊದಲು ಮೊಣಕೈಯ ಒಳಮಡಿಕೆಗೆ ಹಚ್ಚಿ ಒಂದು ದಿನ ಕಾಯಬೇಕು. "ಮುಖ ಏನು ಸಾರಿನ ಪಾತ್ರೆಯೇನೇ, ಅಡುಗೆಮನೇಲಿ ಸಿಕ್ಕಿದ್ದೆಲ್ಲ ಸುರಿಯೋಕೆ?" ಎನ್ನುವಳು. ಇಂಥವಳು ತನ್ನದೇ ಒಣ ಚರ್ಮದ ಮೇಲೆ ಮಣ್ಣು ಹೆಂಚಾಗಲು ಬಿಟ್ಟಿದ್ದಳು! ಬೇಕೆಂದೇ ಬಾಯಿಗೆ ಬೀಗ ಹಾಕಿಕೊಂಡಳು ಎಂದು ಓಣಿ ತೀರ್ಪು ಕೊಟ್ಟಿತು.

ಬತೂಲಳ ಚಿಂತೆಯೇ ಬೇರೆ. ಅಲ್ಲಾಲ್ ಕೆಟ್ಟವನಲ್ಲ, ತೂಕ ಮುಗಿದ ಮೇಲೂ ಒಂದು ಹಿಡಿ ಹಾಕುವವನು, ನಗಿಸುವವನು. ಆದರೆ ಅವನ ಮನೆಗೆ ಹೋದರೆ ಈ ತಾರಸಿ, ಈ ಬೋಗುಣಿಗಳು, ಇಷ್ಟೆಲ್ಲ ಮುಖಗಳು? ಅಲ್ಲಿರುವುದು ತಾಮುವಿನ ಮುಖ ಒಂದೇ, ಅದಕ್ಕೆ ಮದ್ದಿಲ್ಲ.

ಶುಕ್ರವಾರ ಕುಸ್ಕುಸ್ ಊಟದ ಹೊತ್ತಿಗೆ ಅಲ್ಲಾಲ್ ತಾನೇ ಬಂದ. ಮುಖ ಬೀಟ್‌ರೂಟು.

"ಅಕ್ಕ ಹೇಳಿದ್ಲು, ನಿಂಬೆರಸ ಹಚ್ಕೊಂಡು ಹೋಗು, ಹೊಳೀತೀಯ ಅಂತ..."

"ಹಚ್ಕೊಂಡು ಬಿಸಿಲಲ್ಲಿ ಅಂಗಡಿ ಮುಂದೆ ನಿಂತ್ರಾ?"

"ನಿಂತೆ."

"ಹೊಳೀತಿದೀರಿ ಬಿಡಿ, ಇವತ್ತು ದೀಪ ಹಚ್ಚೋದು ಬೇಡ. ಆಲಿವ್ ಕಾಯಿನ ನಿಂಬೇಲಿ ಹಾಕಿ ಹಾಕಿ, ಕೊನೆಗೆ ನೀವೂ ಭರಣಿಗೆ ಬಿದ್ರಾ?"

ತಣ್ಣೀರಲ್ಲಿ ಮುಖ ತೊಳೆಸಿದಳು. "ಸುಟ್ಟ ಚರ್ಮಕ್ಕೆ ಯಾವ ಲೇಪಾನೂ ಕೂಡದು" ಎಂದು ಬರಿಯ ಒದ್ದೆ ಬಟ್ಟೆ ಹೊದಿಸಿದಳು. "ಮಾತಾಡ್ಬೇಡಿ."

ಬಟ್ಟೆ ಸುಮ್ಮನಾಯಿತು.

"ಕೇಳಿ, ಅಲ್ಲಾಲ್ ಅವ್ರೇ. ಮದುವೆ ಆದ್ಮೇಲೆ ನೀವೇ ಇಲ್ಲಿಗೆ ಬರ್ತೀರಿ. ನಾನು ಈ ಕೆಲಸ ಬಿಡಲ್ಲ. ನಿಮ್ಮಕ್ಕ ಹಬ್ಬಕ್ಕೆ ಬಂದು ಹೋಗ್ಲಿ. ಒಪ್ಪಿಗೇನಾ?"

ಬಟ್ಟೆ ಕುಲುಕಾಡಿತು. ಅಂಚೆತ್ತಿ ನೋಡಿದರೆ ಆಸಾಮಿ ಸದ್ದಿಲ್ಲದೆ ನಗುತ್ತಿದ್ದ. ಬತೂಲ್ ತಾರಸಿಯ ಅಂಚಿಗೆ ಹೋಗಿ ತಾನೇ ಯೂ-ಯೂ ಎಂದಳು.

ಮದುವೆ ಮುಗಿದದ್ದೇ ಅಲ್ಲಾಲ್ ಹಾಸಿಗೆ ಸುತ್ತಿಕೊಂಡು ಬಂದು ನೆಲೆಸಿದ. ಒಂದು ಸಂಜೆ ಪುದೀನ ಚಹಾ ಹೀರುತ್ತ, ಬಹಳ ದಿನದಿಂದ ಗಂಟಲಲ್ಲಿದ್ದುದನ್ನು ಹೊರಗೆ ಹಾಕಿದ.

"ನಿಜ ಹೇಳು ಬತೂಲ್. ಅವತ್ತು ಮಣ್ಣು ಅಷ್ಟು ಒಣಗೋವರೆಗೂ ತೊಳ್ಕೊಳ್ದೆ ಕೂತಿದ್ದೆಯಲ್ಲ, ಅದು ನನಗೋಸ್ಕರಾನೇ ಅಲ್ವಾ?"

"ನಲ್ಲೀಲಿ ನೀರು ಬಂದಿರ್ಲಿಲ್ಲ" ಎಂದಳು ಬತೂಲ್.