ದತ್ತಾತ್ರೇಯ ಎಲ್ಲರಿಗೂ ‘ಶ್ರೀ’ ಹಾಕಿದ್ದು

ನನ್ನ ಮೈದುನ ದತ್ತಾತ್ರೇಯನಿಗೆ ಕೂತಲ್ಲಿ ಕೂರುವುದು ಗೊತ್ತಿಲ್ಲ. ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಟೈಪಿಸ್ಟ್ ಆಗಿ ಸೇರಿ ಸೆಕ್ಷನ್ ಆಫೀಸರ್ ಆಗಿ ನಿವೃತ್ತನಾದ. ಮದುವೆ ಮಾಡಿಕೊಳ್ಳಲಿಲ್ಲ. ಕೆಲಸದಲ್ಲಿದ್ದಷ್ಟು ಕಾಲ ದೆಹಲಿಯ ಕಿದ್ವಾಯಿ ನಗರದ ಕ್ವಾರ್ಟರ್ಸಿನಲ್ಲಿದ್ದ. ಅದನ್ನು ಬಿಟ್ಟುಕೊಟ್ಟ ಮೇಲೆ ಜನಕಪುರಿಗೆ ನಮ್ಮ ಮನೆಗೇ ಬಂದ. ಅಷ್ಟು ಹೊತ್ತಿಗೆ ನನ್ನ ಯಜಮಾನರು ಹೋಗಿದ್ದರು. ಮನೆಯಲ್ಲಿ ನಾನು ಮತ್ತು ಮೊಮ್ಮಗಳು ಮಯೂರಿ ಇಬ್ಬರೇ. ಅವಳ ಅಪ್ಪ ಅಮ್ಮ ಭೋಪಾಲದಲ್ಲಿ. ಅವಳು ಓದಿಗೆಂದು ನನ್ನ ಹತ್ತಿರ ಉಳಿದಿದ್ದಳು.

ಬಂದವನು ಸುಮ್ಮನಿರಬೇಕಲ್ಲ. ಸೋರದ ನಲ್ಲಿಗೆ ವಾಷರ್ ಹಾಕಿದ. ತರಕಾರಿ ಗಾಡಿಯ ಭಯ್ಯಾನಿಗೆ ಟೊಮೇಟೊ ಮೇಲಿಡಬೇಕೋ ಕೆಳಗಿಡಬೇಕೋ ಎಂದು ಪಾಠ ಹೇಳಿದ. ಒಂದು ದಿನ ನನ್ನ ಒಗ್ಗರಣೆ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿಟ್ಟ. ಮೆಂತ್ಯವೆಂದು ತೆಗೆದರೆ ಸಾಸಿವೆ ಬರುತ್ತಿತ್ತು. ಮಯೂರಿ ಹೇಳಿದಳು, “ಅಜ್ಜಿ, ಚಿಕ್ಕಜ್ಜನಿಗೆ ಏನಾದ್ರೂ ಕೆಲಸ ಕೊಡೋಣ, ಇಲ್ಲಾಂದ್ರೆ ಇವರು ಮನೆ ಬಿಚ್ಚಿ ಮತ್ತೆ ಕಟ್ತಾರೆ.”

ಅದು ಎರಡು ಸಾವಿರದ ಏಳನೇ ಇಸವಿ. ಹಳೇ ಮೈಸೂರು ಸೀಮೆಯ ಕೆರೆಗಳ ಮೇಲೆ ಮಯೂರಿ ಬರೆಯುತ್ತಿದ್ದ ಪಿಎಚ್‌ಡಿ ಪ್ರಬಂಧ ಮುಗಿಯುವುದರಲ್ಲಿತ್ತು. ಎರಡು ಸಲ ಗಡುವು ಮುಂದಕ್ಕೆ ಹಾಕಿಸಿಕೊಂಡಾಗಿತ್ತು. ಇನ್ನು ಕೊಡುವುದಿಲ್ಲ ಎಂದು ಯೂನಿವರ್ಸಿಟಿಯವರು ಖಡಾಖಂಡಿತ ಹೇಳಿದ್ದರು. ಮೇ ತಿಂಗಳ ಕೊನೆಯ ಶುಕ್ರವಾರ ನಾಲ್ಕು ಗಂಟೆಗೆ ಕೌಂಟರ್ ಮುಚ್ಚುವುದರೊಳಗೆ ಕೊಡಬೇಕು. ತಪ್ಪಿದರೆ ಅವಳ ನೋಂದಣಿ ರದ್ದು; ಅಷ್ಟು ವರ್ಷದ ಓದು ನೀರಿನಲ್ಲಿ ಹೋಮ.

ಓದಿದ ಪುಸ್ತಕಗಳನ್ನೆಲ್ಲ ಅವಳು ಕಂಪ್ಯೂಟರಿನ ಒಂದು ಸಾಫ್ಟ್‌ವೇರಿನಲ್ಲಿ ತುಂಬಿಸಿಟ್ಟಿದ್ದಳು. ಗುಂಡಿ ಒತ್ತಿದರೆ ಅದು ಬರೆದವರ ಹೆಸರನ್ನು ಅಕ್ಷರದ ಪ್ರಕಾರ ಜೋಡಿಸಿ ಪ್ರಬಂಧದ ಕೊನೆಗೆ ಪಟ್ಟಿ ಮಾಡಿ ಕೊಡುತ್ತದೆ. ಆದರೆ ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಹೆಸರುಗಳು ತಲೆಕೆಳಗಾಗಿದ್ದವು. ನಮ್ಮ ಕಡೆಯವರು ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ ಮುಂದಿಟ್ಟು ಆಮೇಲೆ ತಮ್ಮ ಹೆಸರು ಹೇಳುತ್ತಾರೆ. ಯಂತ್ರಕ್ಕೆ ಅದೇನು ಗೊತ್ತು? ಒಬ್ಬರ ಊರನ್ನೇ ಮನೆತನದ ಹೆಸರು ಮಾಡಿತ್ತು, ಇನ್ನೊಬ್ಬರನ್ನು ಒಡೆದು ಇಬ್ಬರನ್ನಾಗಿ ಮಾಡಿತ್ತು.

“ಚಿಕ್ಕಜ್ಜ, ಪುಸ್ತಕಗಳ ಮೊದಲ ಪುಟದ ಜೆರಾಕ್ಸ್ ಇದೆ. ನೋಡಿ ನೋಡಿ ಹೆಸರು ಸರಿ ಮಾಡೋದು, ಬಸ್. ನೀವು ಖಾಲಿ ಇದ್ದೀರಲ್ಲ?”

“ಖಾಲಿ ಅಂತ ಯಾರು ಹೇಳಿದ್ದು?” ಎಂದ ದತ್ತಾತ್ರೇಯ, ಎನ್ನುತ್ತಲೇ ಕುರ್ಚಿ ಎಳೆದುಕೊಂಡ.

ಜೆರಾಕ್ಸ್ ನೋಡಿ ಅವನಿಗೆ ಸಮಾಧಾನವಾಗಲಿಲ್ಲ. ಹೆಸರು ಅವರದು, ಅವರನ್ನೇ ಕೇಳಬೇಕು ಎಂದ. ಯಾರು ಯಾರನ್ನೋ ಹಿಡಿದು ನಂಬರ್ ಹುಡುಕಿ ಮೈಸೂರು, ಬೆಂಗಳೂರು, ಧಾರವಾಡಕ್ಕೆ ಫೋನ್ ಹಚ್ಚಿದ. “ನಮಸ್ಕಾರ ಸಾರ್, ದೆಹಲಿಯಿಂದ ಮಾತಾಡ್ತಿದ್ದೀನಿ. ತಮ್ಮ ಹೆಸರಿನಲ್ಲಿ ತಮ್ಮದು ಯಾವುದು, ತಂದೆಯವರದು ಯಾವುದು?” ಕೆಲವರು ನಕ್ಕು ಹೇಳಿದರು. ಕೆಲವರು ಇನ್ಶೂರೆನ್ಸಿನವನೆಂದು ಬೈದು ಇಟ್ಟರು. ಅವನು ಫೋನಿನ ವೈರು ಎಳೆದುಕೊಂಡು ಹಾಲಿನ ಉದ್ದಕ್ಕೂ ಓಡಾಡುತ್ತಲೇ ಮಾತಾಡುವವನು. ಎರಡು ಸಲ ವೈರು ಕಾಲಿಗೆ ಸಿಕ್ಕಿ ನನ್ನ ಕಾಫಿ ಚೆಲ್ಲಿತು.

ಒಂದು ಬೆಳಿಗ್ಗೆ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತ. ಮುಖ ಸಪ್ಪಗಿತ್ತು.

“ಅತ್ತಿಗೆ, ನೀರುಗಂಟಿಗಳ ಮೇಲೆ ಪುಸ್ತಕ ಬರೆದವರು ದಕ್ಷಿಣಾಮೂರ್ತಿ ಅಂತ, ಮೈಸೂರಿನವರು. ಫೋನ್ ಎತ್ತಿದ್ದು ಅವರ ಹೆಂಡತಿ, ಪದ್ಮಾ ಅಂತೆ. ಯಜಮಾನರು ಹೋಗಿಬಿಟ್ಟಿದ್ದಾರೆ.”

“ಅಯ್ಯೋ. ಏನಂದರು ಪಾಪ?”

“ಅವರನ್ನ ಕೇಳಿಕೊಂಡು ಇಷ್ಟು ದಿನದಲ್ಲಿ ಒಬ್ಬರೂ ಫೋನ್ ಮಾಡಿಲ್ಲವಂತೆ. ‘ಅವರ ಹೆಸರು ಮರ್ಯಾದೆಯಾಗಿ ಬರೀರಿ’ ಅಂದರು. ಬರೀತೀನಿ ಅಂತ ಮಾತು ಕೊಟ್ಟೆ.”

ನೀರುಗಂಟಿ ಎಂದರೆ ಕೆರೆಯ ತೂಬು ಎತ್ತಿ ಗದ್ದೆಗದ್ದೆಗೆ ನೀರು ಬಿಡುವವನು. ಅಂಥವರನ್ನು ಹುಡುಕಿಕೊಂಡು ಹೋಗಿ ಬರೆದವರು ಎಂಥವರಿರಬೇಕು ಎಂದುಕೊಂಡು ನಾನು ಒಲೆಯ ಕಡೆ ತಿರುಗಿದೆ. ಮುಂದಿನದು ನನಗೆ ಹೊಳೆಯಲಿಲ್ಲ.

ಗುರುವಾರ ಮಧ್ಯಾಹ್ನ ಮಯೂರಿ ಬಿಸಿಲಲ್ಲಿ ಬಂದವಳು ಚಪ್ಪಲಿಯನ್ನೂ ಬಿಡದೆ ಹಾಳೆಗಳನ್ನು ದೀವಾನಿನ ಮೇಲೆ ಎಸೆದಳು.

“ಚಿಕ್ಕಜ್ಜ! ಯೇ ಕ್ಯಾ ಕಿಯಾ ಆಪ್‌ನೇ?”

ಅವನು ಇಂಗ್ಲಿಷಿನಲ್ಲಿ ಎಲ್ಲರ ಹೆಸರಿನ ಮುಂದೆ ಶ್ರೀ, ಶ್ರೀಮತಿ, ಡಾಕ್ಟರ್, ಪ್ರೊಫೆಸರ್ ಎಂದು ಸೇರಿಸಿದ್ದ. ಹೋದವರ ಹೆಸರಿನ ಮುಂದೆ ‘ಲೇಟ್’ ಎಂದು ಹಾಕಿದ್ದ. ಯಂತ್ರ ಅದನ್ನೂ ಹೆಸರೆಂದೇ ತಿಳಿದು, ಸತ್ತವರನ್ನೆಲ್ಲ ‘ಎಲ್’ ಅಕ್ಷರದಲ್ಲಿ, ಬದುಕಿರುವವರನ್ನೆಲ್ಲ ‘ಎಸ್’, ‘ಡಿ’, ‘ಪಿ’ ಅಕ್ಷರಗಳಲ್ಲಿ ಗುಡ್ಡೆ ಹಾಕಿತ್ತು.

“ಗೈಡ್ ಏನಂದ್ರು ಗೊತ್ತಾ? ಇದು ಪುಸ್ತಕದ ಪಟ್ಟಿಯೋ ಮದುವೆ ಕಾರ್ಡೋ ಅಂದ್ರು. ಇಡೀ ಡಿಪಾರ್ಟ್‌ಮೆಂಟ್ ನಕ್ಕಿತು!”

“ಮತ್ತೇನು, ಅಷ್ಟು ದೊಡ್ಡವರನ್ನ ಬರೀ ಹೆಸರಲ್ಲಿ ಕೂಗಲಾ? ನಮ್ಮ ಸೆಕ್ಷನ್ನಿನಲ್ಲಿ ಪ್ಯೂನಿಗೂ ಶ್ರೀ ಇಲ್ಲದೆ ಒಂದು ಕಾಗದ ಹೋಗಿಲ್ಲ.”

“ಸೆಕ್ಷನ್ ಅಲ್ಲ ಇದು! ದೇವರೇ ಬಂದು ಪುಸ್ತಕ ಬರೆದ್ರೂ ಇಲ್ಲಿ ಬರೀ ಹೆಸರೇ. ಒಂದು ಶ್ರೀ ಉಳಿದ್ರೂ ಸಹಿ ಹಾಕಲ್ಲ ಅಂದಿದ್ದಾರೆ. ನಾಳೆ ನಾಲ್ಕಕ್ಕೆ ಕೌಂಟರ್ ಮುಚ್ಚತ್ತೆ!”

ಅವನು ಏನೋ ಹೇಳಲು ಬಾಯಿ ತೆರೆದ; ಫ್ಯಾನ್ ನಿಂತಿತು. ಕರೆಂಟು ಹೋಯಿತು. ಬೀದಿಯ ಕೊನೆಯಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ನಾಳೆ ಸಂಜೆಯವರೆಗೆ ಬರುವುದಿಲ್ಲ ಎಂದು ಕೆಳಗಿನ ಚೌಕೀದಾರ ಕೂಗಿ ಹೇಳಿದ.

ಶುಕ್ರವಾರ ಬೆಳಕು ಹರಿಯುತ್ತಲೇ ದತ್ತಾತ್ರೇಯ ಆಟೋ ತಂದ. ಕಂಪ್ಯೂಟರಿನ ಡಬ್ಬಿಯನ್ನು ಬಾಣಂತಿ ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತ. ಟಿವಿಯಂಥದ್ದನ್ನು ಮಯೂರಿ ಅಪ್ಪಿಕೊಂಡಳು, ಕಾಗದದ ಚೀಲ ನನ್ನ ಕೈಗೆ ಬಂತು. ಹೋದದ್ದು ಹಿಂದಿನ ರಾತ್ರಿಯಷ್ಟೇ ಊರಿನಿಂದ ಬಂದಿದ್ದ ನಾಣಯ್ಯನವರ ಮನೆಗೆ. ಅವರು ಕೊಡಗಿನವರು, ಸೈನ್ಯದಲ್ಲಿ ಸುಬೇದಾರರಾಗಿದ್ದವರು. ಇನ್ನೊಂದು ಬ್ಲಾಕಿನಲ್ಲಿದ್ದರು, ಅಲ್ಲಿ ಕರೆಂಟಿತ್ತು, ಪ್ರಿಂಟರೂ ಇತ್ತು.

“ಬನ್ನಿ ಇಂದಿರಮ್ಮ! ಏನು ದತ್ತಣ್ಣ, ಮನೆ ಖಾಲಿ ಮಾಡಿಸಿಬಿಟ್ಟಿರಾ?” ಎಂದರು ನಾಣಯ್ಯ.

“ತಮಾಷೆ ಆಮೇಲೆ. ಪ್ಲಗ್ ಎಲ್ಲಿ?”

ಒಂದೇ ಏಟಿಗೆ ಎಲ್ಲ ಅಳಿಸಲು ಬರುವಂತಿರಲಿಲ್ಲ. ಇವನು ಗೌರವದ ಜೊತೆಗೆ ಹೆಸರನ್ನೂ ಒಂದೇ ಖಾನೆಗೆ ತುರುಕಿದ್ದ. ಒಂದೊಂದನ್ನೇ ತೆರೆದು ಬಿಡಿಸಬೇಕು. ಅವನು ಜೆರಾಕ್ಸ್ ನೋಡಿ ಹೆಸರು ಓದುವುದು, ಅವಳು ತಿದ್ದುವುದು. ಬಾಯಲ್ಲಿ ಮಾತ್ರ ಅವನು ಒಬ್ಬರನ್ನೂ ಬರಿದಾಗಿ ಕರೆಯಲಿಲ್ಲ. “ಶ್ರೀ ಗೋವಿಂದಪ್ಪನವರು,” ಎನ್ನುವನು; ಅವಳು ಟಕಟಕ ಎಂದು ಶ್ರೀ ಅಳಿಸುವಳು. “ಡಾಕ್ಟರ್ ಶ್ರೀಮತಿ ಸಾವಿತ್ರಮ್ಮನವರು.” ಟಕಟಕ. ನಡುನಡುವೆ ಎದ್ದು ಕಿಟಕಿಯವರೆಗೆ ಹೋಗಿ ಬರುವನು. “ಚಿಕ್ಕಜ್ಜ, ಪ್ಲೀಸ್ ಕೂತ್ಕೊಳ್ಳಿ!” ಎಂದು ಅವಳು ಅಳುವಂತಾಗಿ ಕೂಗುವಳು.

ಹನ್ನೊಂದು ದಾಟಿರಬೇಕು. ದತ್ತಾತ್ರೇಯನ ದನಿ ನಿಂತುಹೋಯಿತು.

“ಮುಂದೆ?” ಎಂದಳು ಮಯೂರಿ.

“ಇದೊಂದು ಬಿಡು. ದಕ್ಷಿಣಾಮೂರ್ತಿಯವರದು. ಆ ತಾಯಿಗೆ ಮಾತು ಕೊಟ್ಟಿದ್ದೀನಿ.”

“ಇದೊಂದಕ್ಕೋಸ್ಕರ ನನ್ನ ಥೀಸಿಸ್ ಹೋಗ್ಲಾ?”

“ಹೋಗಲಿ ಅಂದೆನಾ? ಆದರೆ ಕೊಟ್ಟ ಮಾತನ್ನ ಅವರ ಬೆನ್ನ ಹಿಂದೆ ಅಳಿಸಲ್ಲ ನಾನು.” ನಾಣಯ್ಯನವರ ಮೇಜಿನ ಮೇಲಿದ್ದ ಫೋನ್ ಎತ್ತಿ ನಂಬರ್ ಒತ್ತತೊಡಗಿದ. ಆ ನಂಬರ್ ಅವನಿಗೆ ಬಾಯಿಪಾಠವಾಗಿತ್ತು.

ಮಯೂರಿ ತಲೆಯ ಮೇಲೆ ಕೈ ಹೊತ್ತಳು. ಆ ಕಡೆಯ ದನಿ ದೊಡ್ಡದು, ನಮಗೆಲ್ಲ ಕೇಳುತ್ತಿತ್ತು. ದತ್ತಾತ್ರೇಯ ತಡವರಿಸುತ್ತ ವಿಷಯ ಹೇಳಿದ: ಮರ್ಯಾದೆಯಾಗಿ ಹಾಕಿದ್ದೆ ಅಮ್ಮ, ಆದರೆ ಇವರ ನಿಯಮದಲ್ಲಿ ಬರೀ ಹೆಸರೇ ಇರಬೇಕಂತೆ, ತೆಗೆಯಬೇಕಾಗಿದೆ.

“ಮುಂದೆ ಏನು ಹಾಕ್ತೀರೋ ಬಿಡ್ತೀರೋ ನನಗೆ ಗೊತ್ತಾಗಲ್ಲಪ್ಪ,” ಎಂದರು ಪದ್ಮಾ. “ಪುಸ್ತಕ ಓದಿದಾರಾ ಯಾರಾದರೂ? ಅಷ್ಟು ಹೇಳಿ. ಸೈಕಲ್ಲಿನಲ್ಲಿ ಊರೂರು ಅಲೆದು ಬರೆದರು. ಬರೀ ಪಟ್ಟಿಗೆ ಸೇರಿಸಿದಾರೋ, ತೆರೆದು ಓದಿದಾರೋ?”

ದತ್ತಾತ್ರೇಯ ನೋಡಿದ್ದು ಮೊದಲ ಪುಟ ಮಾತ್ರ. ರಿಸೀವರನ್ನು ಮಯೂರಿಯ ಕಡೆ ಚಾಚಿದ.

“ಟೈಮಿಲ್ಲ!” ಎಂದು ಅವಳು ಪಿಸುಗುಟ್ಟಿದಳು. ಅವನು ಚಾಚಿದ ಕೈ ಹಿಂದೆಗೆಯಲಿಲ್ಲ. ತೆಗೆದುಕೊಂಡಳು.

“ನಮಸ್ತೆ ಅಜ್ಜಿ. ನಾನು ಓದಿದೀನಿ... ಪೂರಾ. ಒಂದು ಕಡೆ ಅವರು ಬರೀತಾರಲ್ಲ, ನೀರುಗಂಟಿ ಸತ್ತ ದಿನ ಊರಿನವರು ತೂಬು ಎತ್ತಲ್ಲ, ಗದ್ದೆ ಒಣಗಿದ್ರೂ ಎತ್ತಲ್ಲ ಅಂತ? ನನ್ನ ಮೂರನೇ ಚಾಪ್ಟರ್ ಅಲ್ಲಿಂದಲೇ ಶುರು ಆಗತ್ತೆ. ಅದು ಬೇರೆ ಯಾರ ಪುಸ್ತಕದಲ್ಲೂ ಇಲ್ಲ.”

ಪದ್ಮಾ ಆ ಊರಿಗೆ ತಾವೂ ಹೋಗಿದ್ದುದನ್ನು ಹೇಳತೊಡಗಿದರು. ನಾಣಯ್ಯ ಗೋಡೆಯ ಗಡಿಯಾರ ನೋಡಿದರು. ನಾನೂ ನೋಡಿದೆ. ಮಯೂರಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ, “ಹೂಂ ಅಜ್ಜಿ, ಹೂಂ” ಎನ್ನುತ್ತಲೇ ಇದ್ದಳು, ಮಾತು ಕತ್ತರಿಸಲಿಲ್ಲ. ಕೊನೆಗೆ ಅವರೇ, “ನಿನಗೆ ಕೆಲಸ ಇರತ್ತೆ, ಹೋಗಮ್ಮ. ಏನು ಅಳಿಸಬೇಕೋ ಅಳಿಸಿಕೋ” ಎಂದು ಇಟ್ಟರು.

ಅಳಿಸಿದ್ದು ದತ್ತಾತ್ರೇಯನೇ. ಒಂದೇ ಬೆರಳಿನಲ್ಲಿ, ಒಂದೊಂದೇ ಅಕ್ಷರ.

ಉಳಿದದ್ದನ್ನು ಅವರು ಹೇಗೆ ಮುಗಿಸಿದರೋ, ಇಬ್ಬರೂ ಉಸಿರು ಬಿಡಲಿಲ್ಲ. ಹಾಳೆಗಳು ಪ್ರಿಂಟರಿನಿಂದ ಬಿಸಿಬಿಸಿಯಾಗಿ ಬರುತ್ತಿದ್ದಂತೆ ಮಯೂರಿ ಎದೆಗವುಚಿಕೊಂಡು ಮೆಟ್ರೋ ಸ್ಟೇಷನ್ನಿಗೆ ಓಡಿದಳು. ನಾಣಯ್ಯನವರ ಮನೆಯಲ್ಲಿ ಅನ್ನ ಬಡಿಸಿದರು. ದತ್ತಾತ್ರೇಯ ಎರಡು ತುತ್ತು ತಿಂದು ಕೈ ತೊಳೆದ. ಬಾಲ್ಕನಿಗೆ ಹೋದ, ಒಳಗೆ ಬಂದ, ರಿಸೀವರ್ ಎತ್ತಿ ಫೋನ್ ಸತ್ತಿಲ್ಲವೆಂದು ನೋಡಿ ಇಟ್ಟ. “ಮತ್ತೆ ಮತ್ತೆ ಎತ್ತಿದರೆ ಅವಳ ಫೋನ್ ಹೇಗೆ ಬರತ್ತೆ ದತ್ತಣ್ಣ?” ಎಂದರು ನಾಣಯ್ಯ. ನಾಲ್ಕಾಯಿತು. ಫೋನಿನ ಗಂಟೆ ಹೊಡೆಯಲಿಲ್ಲ. ನಾನು ಸೆರಗಿನ ತುದಿ ಸುತ್ತುತ್ತ ಕೂತಿದ್ದೆ.

ಫೋನ್ ಬಂದಾಗ ಅವನೇ ಹಾರಿ ಹಿಡಿದ.

“ಕೊಟ್ಟಾಯ್ತು, ಚಿಕ್ಕಜ್ಜ! ಕೌಂಟರಿನವನು ಷಟರ್ ಎಳೀತಿದ್ದ, ನಾನು ಕೈ ಇಟ್ಟುಬಿಟ್ಟೆ. ಗೈಡ್ ನೋಡಿದ ತಕ್ಷಣ ಸಹಿ ಹಾಕಿದ್ರು.”

ದತ್ತಾತ್ರೇಯ ಕಣ್ಣು ಮುಚ್ಚಿ ತೆರೆದ. ಆಮೇಲೆ ಕೇಳಿದ, “ಅಚ್ಛಾ, ದಕ್ಷಿಣಾಮೂರ್ತಿಯವರು ಪಟ್ಟಿಯಲ್ಲಿ ಎಲ್ಲಿ ಬಂದರು?”

“ಮೇಲೆ ಚೌಧುರಿ, ಕೆಳಗೆ ದಾಸಗುಪ್ತ.”

“ಇಬ್ಬರೂ ಬಂಗಾಳಿಗಳು! ಪಾಪ, ನಡುವೆ ಒಬ್ಬರೇ ಕೂತಿದ್ದಾರಲ್ಲೇ.”

“ಮೂವರೂ ಬರೆದಿರೋದು ಕೆರೆ ಮೇಲೇ, ಮಾತಿಗೇನೂ ಬರ ಇರಲ್ಲ ಬಿಡಿ, ಚಿಕ್ಕಜ್ಜ,” ಎಂದಳು ಮಯೂರಿ.